ಹೊಡೆದಾಟದ ಕೇಸಿಗೆ ವಕೀಲರು ಮೊದಲ ದಿನವೇ ಬೇಕು

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿಗಳು,
ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ರಾಯಚೂರು

ಜೊತೆಗೆ, ಜಿಲ್ಲೆಯ ಪೊಲೀಸ್ ಅಧಿಕಾರಿಗಳಿಗೆ ಮತ್ತು ನಮ್ಮ ಊರುಗಳ ಜನರಿಗೆ

ಮಾನ್ಯರೇ, ನಮಸ್ಕಾರ.

ನಾನು ಸಿಂಧನೂರಿನಲ್ಲಿ ಕೋರ್ಟಿಗೆ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ವಕಾಲತ್ತು, ಜಾಮೀನು ಅರ್ಜಿ, ಅಫಿಡವಿಟ್ಟು, ಪಹಣಿ ನಕಲು, ಇವೇ ನನ್ನ ದಿನದ ಕೆಲಸ. ನಾನು ವಕೀಲನಲ್ಲ. ಆದರೆ ಹೊಡೆದಾಟದ ಕೇಸಿನಲ್ಲಿ ಹೆಸರು ಬಂದವರು ವಕೀಲರ ಹತ್ತಿರ ಹೋಗುವ ಮುಂಚೆ ಎಷ್ಟೋ ಸಲ ನನ್ನ ಅಂಗಡಿಗೆ ಬರುತ್ತಾರೆ. ಎಫ್‌ಐಆರ್ ಪ್ರಿಂಟ್ ತೆಗೆಸಬೇಕಿರುತ್ತದೆ. ಕಾಗದ ಕೈಗೆ ಬಂದ ಕೂಡಲೇ ಕೇಳುವುದು ಒಂದೇ ಮಾತು: "ಯಾವ ಕೇಸ್ ಹಾಕ್ಯಾರ ನೋಡ್ರಿ. ಒಳಗ ಹಾಕ್ತಾರೇನ್ರಿ?"

ಅಷ್ಟು ಹೊತ್ತಿಗೆ ಮುಖ್ಯವಾದದ್ದು ಕೈ ಬಿಟ್ಟು ಹೋಗಿರುತ್ತದೆ. ತಮಗಾದ ಗಾಯವನ್ನು ಆಸ್ಪತ್ರೆಯಲ್ಲಿ ತೋರಿಸಿರುವುದಿಲ್ಲ. ಹೆದರಿ ಊರು ಬಿಟ್ಟಿರುತ್ತಾರೆ. ಯಾರದೋ ಕೈಗೆ ದುಡ್ಡು ಕೊಟ್ಟಿರುತ್ತಾರೆ. ಏನು ಬರೆದಿದೆ ಅಂತ ಓದದೆ ಸಹಿ ಹಾಕಿರುತ್ತಾರೆ. ಬಡವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ ಅನ್ನುವುದು ಅವರಿಗೆ ಗೊತ್ತಾಗುವುದು ಆಮೇಲೆ, ಕೋರ್ಟಿನ ಒಳಗೆ ನಿಂತಾಗ. ಆ ವಕೀಲರು ಠಾಣೆಗೆ ಹೋಗುವ ದಿನವೇ ಸಿಗುವ ಹಾಗೆ ಮಾಡಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಡೆ ಹೊಡೆದಾಟಗಳು ಹೇಗೆ ಆಗುತ್ತವೆ ಅಂತ ತಮಗೂ ಗೊತ್ತಿದೆ. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ ಕಡೆ ಬರುವಷ್ಟರಲ್ಲಿ ನೀರು ಸಣ್ಣಗಾಗುತ್ತದೆ. ಭತ್ತ ನಾಟಿ ಮಾಡಿದವನಿಗೆ ತನ್ನ ಪಾಳಿಯ ನೀರು ಒಂದು ರಾತ್ರಿ ತಪ್ಪಿದರೂ ತಡೆಯಲು ಆಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋದಾಗ ಈ ಭಯ ಎಷ್ಟು ದೊಡ್ಡದು ಅಂತ ಎಲ್ಲರೂ ನೋಡಿದರು. ತೂಬಿನ ಹತ್ತಿರ ಮಾತಿಗೆ ಮಾತು ಬೆಳೆಯುತ್ತದೆ. ಬದುವಿನ ಮೇಲೆ, ಹೊಲದ ದಾರಿಯ ಮೇಲೆ, ಅಣ್ಣತಮ್ಮಂದಿರ ಪಾಲಿನ ಮೇಲೆ ಬೆಳೆಯುತ್ತದೆ. ಹೊಲದಲ್ಲಿ ಇದ್ದವನ ಕೈಯಲ್ಲಿ ಸಲಿಕೆಯೋ ಕುಡುಗೋಲೋ ಇದ್ದೇ ಇರುತ್ತದೆ. ಐದು ನಿಮಿಷದ ಸಿಟ್ಟು, ಐದಾರು ವರ್ಷದ ವಾಯಿದೆ.

ಎರಡೂ ಕಡೆಯವರಿಗೆ ಪೆಟ್ಟು ಬಿದ್ದಿರುತ್ತದೆ. ಮೊದಲು ಠಾಣೆಗೆ ಹೋದವರು ಫಿರ್ಯಾದಿಗಳು, ತಡ ಮಾಡಿದವರು ಆರೋಪಿಗಳು. ಜನ ಇದನ್ನೇ ಕಾನೂನು ಅಂದುಕೊಂಡಿದ್ದಾರೆ. "ಅವರು ಮೊದಲು ಕೊಟ್ಟಾರ, ನಮ್ದು ತಗೊಳ್ಳಲ್ಲ" ಅಂತ ಹೇಳುತ್ತಾರೆ. ಹಾಗೇನಿಲ್ಲ. ಇನ್ನೊಂದು ಕಡೆಯವರೂ ತಮ್ಮ ದೂರು ಕೊಡಬಹುದು. ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ (ಸಂಜ್ಞೇಯ) ಅಪರಾಧ ನಡೆದಿದೆ ಅಂತ ದೂರಿನಲ್ಲಿ ಕಂಡರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಒಂದೇ ಜಗಳದ ಕೇಸ್ ಮತ್ತು ಕೌಂಟರ್ ಕೇಸ್ ಎರಡನ್ನೂ ಒಬ್ಬರೇ ನ್ಯಾಯಾಧೀಶರು, ಒಂದರ ಹಿಂದೆ ಒಂದು ಕೇಳಿ ತೀರ್ಪು ಕೊಡಬೇಕು ಅಂತ 1990ರ ನತ್ಥಿ ಲಾಲ್ ಪ್ರಕರಣದಲ್ಲಿ ಹೇಳಿದೆ. ಒಂದು ಕಡೆಯ ಮಾತು ಮಾತ್ರ ಕೇಳಿ ತೀರ್ಮಾನ ಆಗಬಾರದು ಅನ್ನುವುದೇ ಅದರ ಕಾರಣ.

ಆದರೆ ಇನ್ನೊಂದು ಕಡೆಯವನು ಎಲ್ಲಿರುತ್ತಾನೆ? ಪೊಲೀಸರು ಬರುತ್ತಾರೆ ಅಂತ ಕೇಳಿದ ಕೂಡಲೇ ಬೀಗರ ಊರಿಗೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗಿಬಿಡುತ್ತಾನೆ. ತಲೆಗೆ ಬಿದ್ದ ಪೆಟ್ಟಿಗೆ ಅರಿಶಿಣ ಹಚ್ಚಿಕೊಂಡು, ಕೈ ಬಾತಿದ್ದರೆ ಪಟ್ಟು ಹಾಕಿಸಿಕೊಂಡು ಸುಮ್ನೆ ಕೂರುತ್ತಾನೆ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆ ಅನ್ನುವ ಹೆದರಿಕೆ. ಎರಡು ತಿಂಗಳ ನಂತರ ಬಂದು "ನನಗೂ ಹೊಡೆದರು ಸಾಹೇಬ್ರೆ" ಅಂದರೆ ನಂಬುವವರು ಯಾರು? ಗಾಯ ಮಾಸಿರುತ್ತದೆ. ಕಾಗದದಲ್ಲಿ ಇರುವುದು ಎದುರಾಳಿಯ ಗಾಯ ಮಾತ್ರ.

ನನ್ನ ಊರಿನ ಜನರಿಗೆ ಇದನ್ನು ಕೈ ಮುಗಿದು ಹೇಳುತ್ತೇನೆ. ಪೆಟ್ಟು ಬಿದ್ದಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಡೆದಾಟದಲ್ಲಿ ಆದ ಗಾಯ ಅಂತ ನಿಜ ಹೇಳಿ. ಬಿದ್ದು ಗಾಯ ಆಯ್ತು ಅಂತ ಸುಳ್ಳು ಹೇಳಬೇಡಿ. ವೈದ್ಯರು ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ದಾಖಲೆ, ಬರೆಯುತ್ತಾರೆ. ಯಾರು, ಯಾವುದರಿಂದ, ಯಾವ ಹೊತ್ತಿಗೆ ಹೊಡೆದರು ಅಂತ ನೀವು ಅಲ್ಲಿ ಹೇಳಿದ್ದು ಮುಂದೆ ನಿಮ್ಮ ಮೊದಲ ಸಾಕ್ಷಿ. ಆರೋಪಿಯ ಮೈಮೇಲೂ ದೊಡ್ಡ ಗಾಯ ಇದ್ದು, ಅದು ಹೇಗಾಯಿತು ಅಂತ ಸರ್ಕಾರದ ಕಡೆಯವರು ಹೇಳದೆ ಹೋದರೆ ಅವರ ಕಥೆಯ ಮೇಲೆ ಅನುಮಾನ ಬರುತ್ತದೆ ಅಂತ 1976ರ ಲಕ್ಷ್ಮಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಗಾಯ ಕಾಗದದಲ್ಲಿ ಇಲ್ಲದಿದ್ದರೆ ಯಾವ ವಕೀಲರು ಬಂದು ಏನು ವಾದ ಮಾಡುತ್ತಾರೆ?

ಇನ್ನು ಸೆಕ್ಷನ್ನುಗಳ ಮಾತು. ಜನ ಇನ್ನೂ 323, 324, 307 ಅಂತಲೇ ಹೇಳುತ್ತಾರೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆ ತಾರೀಕಿಗಿಂತ ಮುಂಚೆ ನಡೆದ ಜಗಳಕ್ಕೆ ಹಳೆಯ ಸೆಕ್ಷನ್ನೇ, ಕೇಸು ಯಾವಾಗ ನಡೆದರೂ ಸರಿ. ಆಮೇಲೆ ನಡೆದದ್ದಕ್ಕೆ ಹೊಸದು. ಕೈಯಿಂದ ಹೊಡೆದು ಸಾಧಾರಣ ಗಾಯ ಆಗಿದ್ದರೆ 115(2). ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದೊಂದೇ ಸೆಕ್ಷನ್ ಇದ್ದರೆ ಅದು ಎನ್‌ಸಿ (ಅಸಂಜ್ಞೇಯ), ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಮೂಳೆ ಮುರಿದರೆ, ಹಲ್ಲು ಬಿದ್ದರೆ, ಅಥವಾ 15 ದಿನ ತೀವ್ರ ನೋವಿನಲ್ಲಿ ಮಲಗುವಂತಾದರೆ ಅದು ಭಾರಿ ಗಾಯ. ಹಳೆಯ ಕಾನೂನಿನಲ್ಲಿ ಇದು 20 ದಿನ ಇತ್ತು. ಇದಕ್ಕೆ 117(2), ಏಳು ವರ್ಷದವರೆಗೆ ಶಿಕ್ಷೆ. ಹಲ್ಲೊಂದು ಬಿದ್ದರೂ ಏಳು ವರ್ಷದ ಸೆಕ್ಷನ್ ಬರುತ್ತದೆ ಅಂತ ನಮ್ಮ ಜನರಿಗೆ ಗೊತ್ತೇ ಇಲ್ಲ.

ನಮ್ಮ ಕಡೆ ಜಾಸ್ತಿ ತೊಂದರೆ ಕೊಡುತ್ತಿರುವುದು 118. ಅಪಾಯಕಾರಿ ಆಯುಧದಿಂದ ಗಾಯ ಮಾಡಿದರೆ ಈ ಸೆಕ್ಷನ್. ಗಾಯ ಸಾಧಾರಣದ್ದಾದರೂ 118(1), ಮೂರು ವರ್ಷದವರೆಗೆ. ಭಾರಿ ಗಾಯವಾದರೆ 118(2), ಕಡಿಮೆ ಅಂದರೂ ಒಂದು ವರ್ಷ, ಮೇಲಕ್ಕೆ ಜೀವಾವಧಿವರೆಗೆ. ಹಳೆಯ 324ಕ್ಕೆ ಠಾಣೆಯಲ್ಲೇ ಜಾಮೀನು ಸಿಗುತ್ತಿತ್ತು. ಅದರ ಜಾಗಕ್ಕೆ ಬಂದ 118(1) ಈಗ ಜಾಮೀನುರಹಿತ. ಕೋರ್ಟಿಗೆ ಹೋಗಿ ಜಾಮೀನು ಕೇಳಬೇಕು. ಕೈಯಲ್ಲಿ ಸಲಿಕೆ ಹಿಡಿದು ನೀರು ಕಟ್ಟುತ್ತಿದ್ದವನಿಗೂ ಹೊಡೆಯಲೆಂದೇ ಮಚ್ಚು ತಂದವನಿಗೂ ಮೊದಲ ದಿನ ಒಂದೇ ಸೆಕ್ಷನ್ ಬೀಳಬಹುದು. ಇವರಿಬ್ಬರ ವ್ಯತ್ಯಾಸವನ್ನು ಕೋರ್ಟಿಗೆ ಹೇಳುವವರು ಬೇಕು ಅಲ್ವಾ? ಅದನ್ನು ರೈತ ತಾನೇ ನಿಂತು ಹೇಳಲಾರ.

ದೂರು ಬರೆಸುವಾಗ "ಕೊಲ್ಲುವ ಉದ್ದೇಶದಿಂದ" ಅನ್ನುವ ಎರಡು ಪದ ಸೇರಿಸುವುದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅದರ ಬೆನ್ನಿಗೆ 109, ಅಂದರೆ ಕೊಲೆ ಯತ್ನ, ಹಳೆಯ 307. ಅದನ್ನು ನಡೆಸುವುದು ಸೆಷನ್ಸ್ ಕೋರ್ಟ್. ಇನ್ನೊಂದು, ಮನೆಯವರೆಲ್ಲರ ಹೆಸರು ಹಾಕಿಸುವುದು. ಎಲ್ಲರೂ ಸೇರಿ ಒಂದೇ ಉದ್ದೇಶದಿಂದ ಮಾಡಿದರು ಅಂತ 3(5), ಐದು ಜನ ಆದರೆ ಅಕ್ರಮ ಕೂಟದ 189 ಮತ್ತು 190. ಜಗಳ ಬಿಡಿಸಲು ಹೋದ ಮುದುಕಿಯ ಹೆಸರು, ಕಾಲೇಜಿಗೆ ಹೋಗುವ ಹುಡುಗನ ಹೆಸರು ಒಳಗೆ ಬಂದಿರುತ್ತದೆ. ಆ ಹುಡುಗ ನಾಳೆ ಪೊಲೀಸ್ ಕೆಲಸಕ್ಕೋ ಸೈನ್ಯಕ್ಕೋ ಅರ್ಜಿ ಹಾಕಿದರೆ ಈ ಕೇಸು ಎದುರು ನಿಲ್ಲುತ್ತದೆ. ಅವನು ಆ ಹೊತ್ತಿಗೆ ಕ್ಲಾಸಿನಲ್ಲಿ ಇದ್ದ ಅನ್ನುವುದಕ್ಕೆ ಹಾಜರಾತಿ, ಬಸ್ಸಿನ ಟಿಕೆಟ್ಟು, ಫೋನು ಇವೆಲ್ಲ ಮೊದಲ ವಾರದಲ್ಲೇ ಹುಡುಕಿ ಇಟ್ಟುಕೊಳ್ಳಬೇಕು. ಅಂಗಡಿಗಳ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿ ಹೋಗುತ್ತದೆ. ಯಾರು ಹೇಳಿಕೊಡಬೇಕು ಇದನ್ನು?

ಜೀವ ಉಳಿಸಿಕೊಳ್ಳಲು ಹೊಡೆದವನ ಮಾತೂ ಹೀಗೇ. ತನ್ನ ಮೈಯನ್ನೂ ತನ್ನ ಆಸ್ತಿಯನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್ನುಗಳು ಕೊಡುತ್ತವೆ. ಅಗತ್ಯಕ್ಕಿಂತ ಹೆಚ್ಚು ಹೊಡೆಯಬಾರದು, ಸೇಡಿಗೆ ಹೊಡೆಯಬಾರದು. ಆದರೆ ಆ ಮಾತನ್ನು ಮೊದಲಿಂದಲೇ ಹೇಳಬೇಕು. "ನಾನು ಅಲ್ಲಿ ಇರಲೇ ಇಲ್ಲ" ಅಂತ ಹೆದರಿ ಹೇಳಿಬಿಟ್ಟವನು ಆಮೇಲೆ "ಅವರೇ ಮೊದಲು ಕೊಡ್ಲಿ ಎತ್ತಿದರು" ಅಂದರೆ ಎರಡೂ ನಿಲ್ಲುವುದಿಲ್ಲ. ಆ ಹೆದರಿಕೆಯ ಹೊತ್ತಿನಲ್ಲಿ ಪಕ್ಕದಲ್ಲಿ ವಕೀಲರು ಇದ್ದಿದ್ದರೆ ಅವನು ನಿಜವನ್ನೇ ಹೇಳುತ್ತಿದ್ದ.

ಪೊಲೀಸ್ ಅಧಿಕಾರಿಗಳಲ್ಲಿ ಒಂದು ಮನವಿ. ಏಳು ವರ್ಷದೊಳಗಿನ ಶಿಕ್ಷೆಯ ಕೇಸಿನಲ್ಲಿ ಕೂಡಲೇ ಬಂಧಿಸುವ ಅಗತ್ಯ ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಯಬೇಕು ಅಂತ, ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 35(3) ಹೇಳುತ್ತದೆ. 2014ರ ಅರ್ನೇಶ್ ಕುಮಾರ್ ತೀರ್ಪೂ ಅದನ್ನೇ ಹೇಳಿದೆ. ತಮ್ಮಲ್ಲಿ ಬಹಳ ಜನ ಇದನ್ನು ಪಾಲಿಸುತ್ತೀರಿ. ಆದರೆ ನೋಟಿಸ್ ತೆಗೆದುಕೊಂಡವನಿಗೆ ಅದು ಏನು ಅಂತ ಅರ್ಥವೇ ಆಗುವುದಿಲ್ಲ. ನೋಟಿಸ್ ಬಂತು ಅಂದರೆ ಬಂಧನವೇ ಆಯ್ತು ಅಂದುಕೊಂಡು ಓಡಿಹೋಗುತ್ತಾನೆ. ಓಡಿಹೋದದ್ದೇ ಆಮೇಲೆ ಬಂಧಿಸಲು ಕಾರಣವಾಗುತ್ತದೆ. ನೋಟಿಸಿನಂತೆ ಹೇಳಿದ ದಿನ ಹಾಜರಾದವನನ್ನು ಕಾರಣ ಬರೆಯದೆ ಬಂಧಿಸುವ ಹಾಗಿಲ್ಲ ಅನ್ನುವ ಒಂದು ಸಾಲನ್ನು ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಅರ್ಧ ಜನ ಊರು ಬಿಡುವುದಿಲ್ಲ. 60 ದಾಟಿದವರನ್ನು, ಕಾಯಿಲೆಯವರನ್ನು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಿನಲ್ಲಿ ಬಂಧಿಸಲು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು ಅನ್ನುವುದೂ ಮನೆಯವರಿಗೆ ತಿಳಿಯಲಿ.

ಬಂಧನವೇ ಆದರೆ? ಯಾಕೆ ಬಂಧಿಸಿದ್ದಾರೆ ಅನ್ನುವುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿತು. ಕೂಡಲೇ ಆಗದಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡುವ ಕನಿಷ್ಠ ಎರಡು ತಾಸು ಮುಂಚೆಯಾದರೂ ಕೊಡಬೇಕು. ಮನೆಯವರಿಗೆ ತಿಳಿಸಬೇಕು. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಪ್ರಯಾಣದ ಸಮಯ ಮಾತ್ರ ಇದರಲ್ಲಿ ಸೇರುವುದಿಲ್ಲ. ವಿಚಾರಣೆಯ ವೇಳೆ ತನ್ನ ವಕೀಲರನ್ನು ಭೇಟಿ ಮಾಡುವ ಹಕ್ಕು ಅದೇ ಸುರಕ್ಷಾ ಸಂಹಿತೆಯ 38ನೇ ಕಲಂನಲ್ಲಿದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಬಾರದು ಅಂತ ಅದರ 181ನೇ ಕಲಂ ಹೇಳುತ್ತದೆ. ಬಂಧನದ ಮೆಮೊಗೆ, ನೋಟಿಸಿಗೆ ಸಹಿ ಬೇರೆ ವಿಷಯ, ಅವನ್ನು ಓದಿ, ಇಲ್ಲವೇ ಓದಿಸಿ ಹಾಕಬೇಕು. ಖಾಲಿ ಹಾಳೆಗೆ ಯಾರೇ ಕೇಳಿದರೂ ಹಾಕಬಾರದು. ನಮ್ಮ ತಾಲೂಕಿನಲ್ಲಿ ತೆಲುಗು ಆಡುವ ಕ್ಯಾಂಪುಗಳಿವೆ, ಬಂಗಾಳಿ ಆಡುವ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಿವೆ, ಲಂಬಾಣಿ ತಾಂಡಾಗಳಿವೆ. ತಿಳಿಯುವ ಭಾಷೆ ಅನ್ನುವ ಮಾತು ಇಲ್ಲಿ ಸಣ್ಣದಲ್ಲ.

ಈಗ ತಮ್ಮ ಪ್ರಾಧಿಕಾರದ ಕೆಲಸಕ್ಕೆ ಬರುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿ ಇರುವವರು, ಇವರೆಲ್ಲರಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ಉಳಿದವರಿಗೆ ಆದಾಯದ ಮಿತಿ ಇದೆ. 2022ರ ಯೋಜನೆಯಿಂದ ಪೂರ್ಣಾವಧಿಯ ಕಾನೂನು ನೆರವು ರಕ್ಷಣಾ ವಕೀಲರು ಬಂದಿದ್ದಾರೆ. ಅವರು ಖಾಸಗಿ ಕೇಸು ಹಿಡಿಯುವ ಹಾಗಿಲ್ಲ, ಕಕ್ಷಿದಾರರಿಂದ ಒಂದು ರೂಪಾಯಿ ತೆಗೆದುಕೊಳ್ಳುವ ಹಾಗಿಲ್ಲ. ಬಂಧನಕ್ಕೆ ಮುಂಚೆ, ಬಂಧನದ ಹೊತ್ತಿನಲ್ಲಿ, ರಿಮ್ಯಾಂಡಿನಲ್ಲಿ (ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಕಳಿಸುವ ಹೊತ್ತಿನಲ್ಲಿ) ನೆರವು ಕೊಡಬೇಕು ಅಂತ ರಾಷ್ಟ್ರೀಯ ಪ್ರಾಧಿಕಾರ 2019ರಲ್ಲೇ ಕ್ರಮ ರೂಪಿಸಿದೆ. 15100ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ಇಷ್ಟೆಲ್ಲ ಇದೆ. ನನ್ನ ಅಂಗಡಿಗೆ ಬರುವವರಿಗೆ ಇದು ಯಾವುದೂ ಗೊತ್ತಿಲ್ಲ.

ಗೊತ್ತಿದ್ದವರಿಗೂ ನಂಬಿಕೆ ಇಲ್ಲ. ಸರ್ಕಾರ ಕೊಟ್ಟ ವಕೀಲರು ಅಂದರೆ ನಮ್ಮ ವಿರುದ್ಧ ವಾದಿಸುವ ಅಭಿಯೋಜಕರೇ ಅಂತ ತಿಳಿದವರು ಇದ್ದಾರೆ. ಪುಕ್ಕಟೆ ಕೊಟ್ಟದ್ದು ಕೆಲಸಕ್ಕೆ ಬರುವುದಿಲ್ಲ ಅನ್ನುವವರೂ ಇದ್ದಾರೆ. ಆ ಜಾಗದಲ್ಲಿ ಮಧ್ಯವರ್ತಿ ಬಂದು ನಿಲ್ಲುತ್ತಾನೆ. "ನಾನು ಮಾತಾಡ್ತೀನಿ, ಹೆಸರು ತೆಗೆಸ್ತೀನಿ" ಅನ್ನುತ್ತಾನೆ. ಹೆಂಡತಿಯ ಬೆಂಡೋಲೆ ಒತ್ತೆ ಹೋಗುತ್ತದೆ. ಮುಂದಿನ ಪೀಕಿನ ಮೇಲೆ ಸಾಲ ಆಗುತ್ತದೆ. ಎಫ್‌ಐಆರ್‌ನಲ್ಲಿ ಬಂದ ಹೆಸರನ್ನು ತೆಗೆಯುವ ಶಕ್ತಿ ಆ ಮನುಷ್ಯನಿಗೆ ಇರುವುದಿಲ್ಲ. ತನಿಖೆಯಲ್ಲಿ ಸಾಕ್ಷಿ ಸಿಗದಿದ್ದರೆ ಚಾರ್ಜ್‌ಶೀಟಿನಲ್ಲಿ ಹೆಸರು ಬಿಡಬಹುದು, ಕೋರ್ಟು ಬಿಡಿಸಬಹುದು, ಹೈಕೋರ್ಟು ಕೇಸು ರದ್ದು ಮಾಡಬಹುದು. ದುಡ್ಡು ತಿಂದವನು ಇದರಲ್ಲಿ ಎಲ್ಲೂ ಇಲ್ಲ.

ಜಾಮೀನು ಸಿಕ್ಕ ಮೇಲೂ ಒಳಗೇ ಉಳಿಯುವವರಿದ್ದಾರೆ. ಶೂರಿಟಿ ಹಾಕಲು ಪಹಣಿ ಇರುವವರು ಬೇಕು, ಕೂಲಿಯವನಿಗೆ ಯಾರು ಪಹಣಿ ತರುತ್ತಾರೆ? ಜಾಮೀನು ಆದೇಶ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥವರ ಮನೆಯವರನ್ನು ತಾವೇ ಕರೆಸಿ ಮಾತಾಡಿದರೆ ಎಷ್ಟೋ ಮನೆ ಉಳಿಯುತ್ತವೆ.

ರಾಜಿಯ ವಿಷಯ ಊರ ಹಿರಿಯರಿಗೆ ಹೇಳಬೇಕು. ಕಟ್ಟೆಯ ಮೇಲೆ ಕೂತು ಒಂದಾಗುವುದು ಒಳ್ಳೆಯದೇ. ಆದರೆ ಊರಲ್ಲಿ ರಾಜಿ ಆಯ್ತು ಅಂತ ವಾಯಿದೆಗೆ ಹೋಗದೆ ಬಿಟ್ಟರೆ ವಾರಂಟ್ ಬರುತ್ತದೆ. ಕೋರ್ಟಿನ ಕಡತದಲ್ಲಿ ಕೇಸು ಜೀವಂತ ಇರುತ್ತದೆ. 115(2)ರ ಕೇಸನ್ನು ಗಾಯಗೊಂಡವರು ಕೋರ್ಟಿನ ಮುಂದೆ ಹೇಳಿ, ಲೋಕ ಅದಾಲತ್‌ನಲ್ಲೂ, ಮುಗಿಸಬಹುದು. 118 ಬಿದ್ದಿದ್ದರೆ ಕೆಳಗಿನ ಕೋರ್ಟಿನಲ್ಲಿ ರಾಜಿಗೆ ಅವಕಾಶ ಇಲ್ಲ, ಹೈಕೋರ್ಟಿಗೇ ಹೋಗಬೇಕು. ನಮಗೆ ಅದು ಕಲಬುರಗಿ ಪೀಠ, ಪಕ್ಕದ ಕೊಪ್ಪಳ ಬಳ್ಳಾರಿಯವರಿಗೆ ಧಾರವಾಡ ಪೀಠ. ಅಷ್ಟು ದೂರ ಹೋಗಿ ಬರುವ ಖರ್ಚಿಗೆ ಹೆದರಿ, ಒಂದಾದ ಮೇಲೂ ವರ್ಷಗಟ್ಟಲೆ ಆರೋಪಿಗಳಾಗಿ ಉಳಿದ ದಾಯಾದಿಗಳಿದ್ದಾರೆ. ಹೈಕೋರ್ಟಿನಲ್ಲೂ ಉಚಿತ ನೆರವಿನ ಸಮಿತಿ ಇದೆ ಅಂತ ಅವರಿಗೆ ಹೇಳುವವರು ಬೇಕು.

ಹೊಡೆದವರ ಪರ ಇಷ್ಟು ಮಾತಾಡುತ್ತೀಯಲ್ಲ, ಹೊಡೆಸಿಕೊಂಡವರ ಗತಿ ಏನು ಅಂತ ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆ. ಗಂಡನಿಂದ ಪೆಟ್ಟು ತಿಂದ ಹೆಂಗಸು, ಜಾತಿಯ ಕಾರಣಕ್ಕೆ ಹೊಡೆತ ತಿಂದ ದಲಿತ, ಇವರಿಗೂ ಇದೇ ಕಾನೂನು ನೆರವು ಇದೆ, ಇವರಿಗೂ ಅದು ಮೊದಲ ದಿನ ಸಿಗುತ್ತಿಲ್ಲ. ಪರಿಶಿಷ್ಟ ಜಾತಿ ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಿನಲ್ಲಿ, ಬಂಧನಕ್ಕೆ ಮುಂಚೆಯೇ ಕೇಳುವ ನಿರೀಕ್ಷಣಾ ಜಾಮೀನಿಗೆ ತಡೆ ಇದೆ, ಅದು ಹಾಗೇ ಇರಬೇಕು ಅನ್ನುವವನು ನಾನು. ಆರೋಪಿಗೆ ವಕೀಲರು ಸಿಕ್ಕರೆ ತಪ್ಪು ಮಾಡಿದವನು ಪಾರಾಗುತ್ತಾನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ವಕೀಲರಿಲ್ಲದೆ ನಡೆದ ವಿಚಾರಣೆ ಮೇಲಿನ ಕೋರ್ಟಿನಲ್ಲಿ ಬಿದ್ದು ಹೋದರೆ ಗಾಯಗೊಂಡವರು ಮತ್ತೆ ಮೊದಲಿಂದ ಸಾಕ್ಷಿ ಹೇಳಬೇಕಾಗುತ್ತದೆ.

ತಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಜಿಲ್ಲೆಯ ಪ್ರತಿ ಠಾಣೆಯ ಬಾಗಿಲಲ್ಲಿ, ಒಳಗಿನ ಗೋಡೆಯಲ್ಲಿ ಅಲ್ಲ, ದಪ್ಪ ಅಕ್ಷರದ ಒಂದು ಬೋರ್ಡ್ ಇರಲಿ. ಆ ವಾರ ಫೋನ್ ಎತ್ತುವ ರಕ್ಷಣಾ ವಕೀಲರ ಹೆಸರು, ನಂಬರು, 15100, ಇಷ್ಟು ಸಾಕು. 35(3)ರ ನೋಟಿಸಿನ ಹಿಂಬದಿಯಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಅಚ್ಚಾಗಲಿ: ಇದು ಬಂಧನವಲ್ಲ, ಹೇಳಿದ ದಿನ ಬನ್ನಿ, ವಕೀಲರ ಜೊತೆ ಬರಬಹುದು, ವಕೀಲರಿಲ್ಲದಿದ್ದರೆ ಈ ನಂಬರಿಗೆ ಮಾಡಿ. ತಾಲೂಕು ಆಸ್ಪತ್ರೆಗಳಲ್ಲಿ ಗಾಯಗೊಂಡು ಬಂದ ಎರಡೂ ಕಡೆಯವರಿಗೂ ಎಂಎಲ್‌ಸಿ ಆಗುವ ಹಾಗೆ ಆರೋಗ್ಯ ಇಲಾಖೆಗೆ ಒಂದು ಪತ್ರ ಹೋಗಲಿ. ಕಾನೂನು ಅರಿವಿನ ಶಿಬಿರಗಳನ್ನು ಶಾಲೆ ಕಾಲೇಜುಗಳಲ್ಲಿ ಮಾಡುತ್ತೀರಿ, ಅದು ನಡೆಯಲಿ. ಅದರ ಜೊತೆಗೆ ನೀರು ಬಳಕೆದಾರರ ಸಹಕಾರ ಸಂಘಗಳಲ್ಲೂ ಮಾಡಿ. ಸಲಿಕೆ ಹಿಡಿಯುವವರು, ನೀರಗಂಟಿಗಳು ಅಲ್ಲಿ ಸಿಗುತ್ತಾರೆ. 118 ಜಾಮೀನುರಹಿತ ಅಂತ ಅಲ್ಲಿ ಒಂದು ಸಲ ಹೇಳಿದರೆ ಎತ್ತಿದ ಸಲಿಕೆ ಕೆಳಗೆ ಇಳಿಯಬಹುದು.

ಮುಂಗಾರಿನ ಬೆಳೆಗೆ ಎಡದಂಡೆ ಕಾಲುವೆಗೆ ನೀರು ಬಿಡುವ ಮುಂಚೆಯೇ ಈ ಬೋರ್ಡುಗಳು ಬರಲಿ ಅಂತ ಕೇಳಿಕೊಳ್ಳುತ್ತೇನೆ. ಬರವಣಿಗೆ, ಟೈಪಿಂಗು, ತೆಲುಗಿಗೆ ತಿರುಗಿಸುವ ಕೆಲಸ ಬಿದ್ದರೆ ನಾನು ದುಡ್ಡಿಲ್ಲದೆ ಮಾಡಿಕೊಡುತ್ತೇನೆ. ಕರೆಸಿ, ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಿಂಧನೂರಿನ ಒಬ್ಬ ಟೈಪಿಸ್ಟ್